ಬಾಹೊ ಸೇತುವೆಗೆ ಧರ್ಮಪಿತ

“ಬೀಗರು ಕ್ಷಮಿಸಬೇಕು. ಈಗ ಕೇಳಿಸಿದ್ದು ಹಾಡಲ್ಲ. ನಮ್ಮ ಲಿಂಬರ್ಟನ ಬಾಸ್ ಗಿಟಾರಿಗೆ ಭೇದಿ ಹತ್ತಿದೆ.”

ಗ್ರೋವರ್ ಲೆದೆಸ್ಮ ಈ ಮಾತನ್ನು ಕಿವಿಯಲ್ಲಿ ಹೇಳಬಹುದಿತ್ತು. ಮೈಕಿನಲ್ಲಿ ಹೇಳಿದ. ಅವನು ವಾದ್ಯಗೋಷ್ಠಿಯ ಯಜಮಾನ, ಮತ್ತು ಯಜಮಾನರು ಹೊಗಳುವುದನ್ನು ಕಿವಿಯಲ್ಲಿ ಹೇಳುತ್ತಾರೆ, ಉಗಿಯುವುದನ್ನು ಮೈಕಿನಲ್ಲಿ. ಮದುವೆಯ ಚಪ್ಪರದಲ್ಲಿ ಇನ್ನೂರು ಜನ ಕೂತಿದ್ದರು. ಮೊದಲು ಮದುಮಗಳು ನಕ್ಕಳು. ಮದುಮಗಳೇ ನಕ್ಕ ಮೇಲೆ ಬೀಗರು ನಗದಿದ್ದರೆ ಸಂಬಂಧ ಕೆಡುತ್ತದೆ ಎಂದು ಅವರೂ ನಕ್ಕರು. ಜೋಳದ ಹೆಂಡ ಚಿಚಾ ಹಂಚುತ್ತಿದ್ದವಳು ಬಿಂದಿಗೆ ಕೆಳಗಿಟ್ಟು ನಕ್ಕಳು. ಅಡುಗೆಯವರು ಹೊರಗೆ ಬಂದು, ಏನಾಯಿತೆಂದು ಕೇಳಿ ತಿಳಿದುಕೊಂಡು, ಒಳಗೆ ಹೋಗಿ ನಕ್ಕರು.

ಲಿಂಬರ್ಟ್ ರೊಕಬಾದೊ ಎಂಬ ಮೂವತ್ತನಾಲ್ಕು ವರ್ಷದ ಗಂಡಸು ನೀಲಿ ಮಿಂಚಿನ ಕೋಟು ಹಾಕಿಕೊಂಡು, ಬಾಸನ್ನು ಹೊಟ್ಟೆಗೆ ಒತ್ತಿ ಹಿಡಿದು, ಅದಕ್ಕೆ ನಿಜವಾಗಿಯೂ ಹುಷಾರಿಲ್ಲವೆಂಬಂತೆ ಬಗ್ಗಿ ನೋಡುತ್ತಾ ನಿಂತಿದ್ದ.

“ಅದರ ಸೇತುವೆ ಬದಲಾಯಿಸು ಅಂತ ಎರಡು ವರ್ಷದಿಂದ ಬಡ್ಕೊಳ್ತಾ ಇದೀನಿ,” ಎಂದ ಗ್ರೋವರ್, ಮೈಕು ಆರಿಸದೆಯೇ. “ಬಡಾವಣೆ ಹುಟ್ಟುಹಬ್ಬದೊಳಗೆ ಅದು ಬದಲಾಗ್ಬೇಕು. ಇಲ್ದಿದ್ರೆ ನೀನು ಬದಲಾಗ್ತೀಯ. ನನ್ನ ತಂಗಿ ಮಗ ಹೊಸ ಕೀಬೋರ್ಡ್ ತಂದಿದಾನೆ. ಎಡಗೈಲಿ ಬಾಸ್ ನುಡಿಸ್ತಾನೆ, ಬಲಗೈಲಿ ಕೋಳಿ ತಿಂತಾನೆ.”

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಹೇಳದಿದ್ದರೆ ಮುಂದೆ ಆಗುವುದಕ್ಕೆಲ್ಲ ಲಿಂಬರ್ಟನೊಬ್ಬನೇ ಕತ್ತೆ ಅಂದುಕೊಳ್ಳುತ್ತೀರಿ. ಕತ್ತೆಗಳು ಇನ್ನೂ ಇದ್ದವು.

ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಬಾಲ ಕಟ್ಟುವ ಕಡೆ, ಒಂದು ಲೋಹದ ತಟ್ಟೆ ಇರುತ್ತದೆ. ತಂತಿ ಅದರ ಮೇಲೆ ಕೂತು ನುಡಿಯುತ್ತದೆ. ವೀಣೆ ತಂಬೂರಿಯವರು ಅದನ್ನು ಕುದುರೆ ಎನ್ನುತ್ತಾರಂತೆ. ನಮ್ಮ ವಿಲ್ಯ ಮೊಲ್ಯೆ ಬಡಾವಣೆಯಲ್ಲಿ, ನಮ್ಮ ದೇಶದಲ್ಲೆಲ್ಲ, ಅದರ ಹೆಸರು ಸೇತುವೆ. ನಾವೂ ಕುದುರೆ ಎಂದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಹೆಚ್ಚೆಂದರೆ ಯಾರೋ ಒಂದು ಹೊರೆ ಹುಲ್ಲು ತಂದು ಹಾಕುತ್ತಿದ್ದರು.

ಇನ್ನೊಂದು ಮಾತು ‘ಬಾಹೊ’. ಬಾಹೊ ಅಂದರೆ ಕೆಳಗಿನದು. ದನಿ ಕೆಳಗಿನದಾದ್ದರಿಂದ ಬಾಸ್ ಗಿಟಾರಿಗೂ ಬಾಹೊ ಎನ್ನುತ್ತೇವೆ. ಹಳ್ಳದ ಕೆಳದಂಡೆಯಲ್ಲಿ, ಲಿಂಬರ್ಟನ ಮನೆಯೂ ಇದ್ದ ಕೇರಿಗೂ ಬಾಹೊ ಎಂದೇ ಹೆಸರು. ಬಸ್ ನಿಲ್ದಾಣ, ಸಂತೆ, ಔಷಧಿ ಅಂಗಡಿ ಎಲ್ಲ ಮೇಲಿನ ದಂಡೆಯಲ್ಲಿ. ಬಾಹೊದಲ್ಲಿ ಜನ ಮಾತ್ರ. ನಡುವೆ ಹಳ್ಳ. ಹಳ್ಳದ ಮೇಲೆ ನಾಲ್ಕು ಕಬ್ಬಿಣದ ತಂತಿಗಳಿಗೆ ಹಲಗೆ ಬಿಗಿದ ಒಂದು ತೂಗುಸೇತುವೆ. ಅದೂ ಅಲುಗುತ್ತಿತ್ತು. ಆದರೆ ದಾಟಿಸುತ್ತಿತ್ತು.

ಮರುದಿನ ಲಿಂಬರ್ಟ್ ಬಾಸನ್ನು ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ಅಬ್ದೋನನ ಅಂಗಡಿಗೆ ಹೋದ. ಅಬ್ದೋನ್ ತಂತಿವಾದ್ಯ ರಿಪೇರಿಯವನು. ವಾದ್ಯ ನೋಡಿದ ಕೂಡಲೇ ಅದರ ಯಜಮಾನನ ಮೇಲೆ ಕೋಪ ಬರುವ ಜಾತಿ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ನೋಡಿದ.

“ಇದು ಸೇತುವೆ ಅಲ್ಲ, ಮೀನಿನ ಡಬ್ಬಿ ಮುಚ್ಚಳ. ಕಾರ್ಖಾನೆಯೋರು ಇದನ್ನ ಬಾಸ್ ಮಾರೋದಕ್ಕೆ ಹಾಕಿರ್ತಾರೆ, ಬಾರಿಸೋದಕ್ಕಲ್ಲ. ಮೊದಲನೇ ವರ್ಷವೇ ತೆಗೆಸ್ಬೇಕಿತ್ತು. ಎಷ್ಟು ವರ್ಷ ಆಯ್ತು?”

“ಹದಿನಾಲ್ಕು.”

“ಹದಿನಾಲ್ಕು ವರ್ಷದ ನಿನ್ನ ಬೆವರು ಈ ತಿರುಪುಗಳ ತಲೆ ತಿಂದುಬಿಟ್ಟಿದೆ ನೋಡು. ಇವು ತಂತೀನ ಎತ್ತರಕ್ಕೆ ಹಿಡಿದು ನಿಲ್ಲಿಸ್ಬೇಕು. ಈಗ ತಂತಿ ನಡುಗಿದ್ರೆ ಇವೂ ನಡುಗ್ತವೆ. ಗ್ರೋವರ್ ಹೇಳಿದ್ದು ತಪ್ಪಲ್ಲ.”

“ಅವನು ಹೇಳಿದ್ದು ನಿಮಗ್ಯಾರು ಹೇಳಿದ್ದು?”

“ಬೆಳಿಗ್ಗೆಯಿಂದ ನೀನು ಆರನೆಯವನು,” ಎಂದ ಅಬ್ದೋನ್. “ಐದು ಜನ ಬರೀ ಅದನ್ನ ಹೇಳೋಕೇ ಬಂದಿದ್ರು.”

ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಬಟ್ಟೆಯ ಮೇಲೆ ಹಿತ್ತಾಳೆಯ ಸೇತುವೆಯೊಂದು ಮಲಗಿತ್ತು. ಅಂಗೈ ಅಗಲ, ಕಾಲು ಕಿಲೋಗಿಂತ ಹೆಚ್ಚು ತೂಕ. ಹಳೆಯದರ ಐದು ತೂತುಗಳಿಗೇ ಸರಿಯಾಗಿ ಕೂರುತ್ತಿತ್ತು. ಬಾಸಿನ ಮರವನ್ನು ಹೊಸದಾಗಿ ಕೊರೆಯಬೇಕಿರಲಿಲ್ಲ. ಅಬ್ದೋನ್ ಬೆಲೆ ಹೇಳಿದ. ಲಿಂಬರ್ಟ್ ಗಾಜಿನ ಮೇಲಿಟ್ಟಿದ್ದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡ, ಮುಟ್ಟಿದ್ದಕ್ಕೂ ಬಿಲ್ಲು ಹಾಕಿಯಾನೆಂದು.

“ಧರ್ಮಪಿತನನ್ನ ಹಿಡಿ,” ಎಂದ ಅಬ್ದೋನ್. ಒಂದು ಬೆಲೆಚೀಟಿ ಬರೆದು, ಮೊಹರು ಒತ್ತಿ ಕೊಟ್ಟ: ‘ಬಾಹೊ ಸೇತುವೆ, ಹಿತ್ತಾಳೆ, ಒಂದು. ತಿರುಪು ಸಹಿತ.’

ನಮ್ಮಲ್ಲಿ ಧರ್ಮಪಿತನೆಂದರೆ ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಹಾಕಿಸುವಾಗ ಪಕ್ಕದಲ್ಲಿ ನಿಲ್ಲುವವನು ಮಾತ್ರವಲ್ಲ. ಮದುವೆಯ ಕೇಕಿಗೆ ಒಬ್ಬ ಧರ್ಮಪಿತ, ಉಂಗುರಕ್ಕೆ ಒಬ್ಬ, ಬಿಯರಿಗೆ ಒಬ್ಬ. ಹೊಸ ಲಾರಿಗೆ, ಹೊಸ ಬಾಗಿಲಿಗೆ, ಫುಟ್‌ಬಾಲ್ ತಂಡದ ಚಡ್ಡಿಗೆ. ಯಾರು ಧರ್ಮಪಿತನಾಗುತ್ತಾನೋ ಅವನೇ ಆ ವಸ್ತು ತಂದುಕೊಡಬೇಕು. ಬದಲಿಗೆ ಮೊದಲ ಲೋಟ, ಮೊದಲ ಕುರ್ಚಿ, ಆಯುಷ್ಯಪೂರ್ತಿ ಮರ್ಯಾದೆ ಅವನದು. ಕೇಳಲು ಹೋಗುವಾಗ ಬುಟ್ಟಿಯಲ್ಲಿ ರೊಟ್ಟಿ, ಹಣ್ಣು, ಒಂದು ಬಾಟಲಿ ಒಯ್ಯಬೇಕು. ರೊಟ್ಟಿ ಮುರಿದು ಬಾಯಿಗಿಟ್ಟನೋ, ಒಪ್ಪಿದ ಹಾಗೆ. ಸಿಮೆಂಟು ಕಲಸುವ ಯಂತ್ರವೊಂದಕ್ಕೆ ಧರ್ಮಮಾತೆ ಇದ್ದದ್ದನ್ನು ಈ ಊರು ಕಣ್ಣಾರೆ ಕಂಡಿದೆ. ಆಕೆ ಅದಕ್ಕೆ ಹೂಮಾಲೆ ಹಾಕಿ ಅತ್ತಿದ್ದಳು.

ಲಿಂಬರ್ಟನ ತಾಯಿ ನಿಕೊಲಾಸಾ ಬಸ್ ನಿಲ್ದಾಣದಲ್ಲಿ ಹುರಿದ ಹಂದಿಮಾಂಸ, ಬೇಯಿಸಿದ ಜೋಳ ಮಾರುವವಳು. ವಿಷಯ ಕೇಳಿ, ಜೋಳ ತಿರುವುತ್ತಲೇ ತೀರ್ಪು ಕೊಟ್ಟಳು.

“ನಿಮ್ಮ ಮಾವನ್ನ ಕೇಳು. ಬೇಕರಿ ಇದೆ, ಒಲೆ ಉರೀತಿದೆ, ಇಲ್ಲ ಅನ್ನಲ್ಲ.”

“ಮಾವನ್ನ? ಹಿತ್ತಾಳೆ ಸೇತುವೆಗೆ? ರೊಟ್ಟಿ ಸುಡೋನ ಹೆಸರನ್ನ ಅದರ ಮೇಲೆ ಕೆತ್ತಿಸ್ಲಾ? ಗ್ರೋವರ್ ಅದನ್ನೂ ಮೈಕಲ್ಲಿ ಹೇಳ್ತಾನೆ.”

“ಮತ್ಯಾರನ್ನ ಕೇಳ್ತೀಯೋ?”

“ಇಂಜಿನಿಯರ್ ತೆರ್ಸೆರೋಸ್.”

ನಿಕೊಲಾಸಾ ಸೌಟು ಎತ್ತಿ ಹಿಡಿದಳು, ಹೊಡೆಯಲಿಲ್ಲ. ಇಂಜಿನಿಯರ್ ತೆರ್ಸೆರೋಸ್ ನಮ್ಮ ಉಪಪುರಸಭೆಯ ಅಧ್ಯಕ್ಷ. ಯಾವ ಕಾಲೇಜಿನ ಇಂಜಿನಿಯರೆಂದು ಯಾರೂ ಕೇಳಿಲ್ಲ, ಅವನೂ ಹೇಳಿಲ್ಲ. ಮೂರು ಬಾಸ್ಕೆಟ್‌ಬಾಲ್ ಅಂಗಳ, ಎರಡು ಪಾಯಿಖಾನೆ, ಒಂದು ಗಡಿಯಾರದ ಕಂಬಕ್ಕೆ ಆಗಲೇ ಧರ್ಮಪಿತನಾಗಿದ್ದ. ಕಂಬಕ್ಕೆ ಗಡಿಯಾರ ಇನ್ನೂ ಬಂದಿರಲಿಲ್ಲ.

“ರೊಟ್ಟಿ ಸುಡೋನು ಕೇಳಿದ್ದನ್ನ ಕೊಡ್ತಾನೆ ಮಗನೇ. ದೊಡ್ಡೋರು ಫೋಟೋ ಕೊಡ್ತಾರೆ,” ಎಂದಳು ತಾಯಿ. ಎಂದರೂ ಬುಟ್ಟಿ ಕಟ್ಟಿಕೊಟ್ಟಳು. ರೊಟ್ಟಿ ಮಾವನ ಬೇಕರಿಯದೇ.

ಉಪಪುರಸಭೆಯ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಬುಟ್ಟಿಯನ್ನು ನೋಡಿದಳು, ಲಿಂಬರ್ಟನನ್ನು ನೋಡಲಿಲ್ಲ. “ಬಾಯಲ್ಲಿ ಹೇಳಿದ್ದು ಇಲ್ಲಿ ಕೇಳ್ಸಲ್ಲ. ಬರೆಸ್ಕೊಂಡು ಬಾ.”

ಹೊರಗೆ ಕಾಲುದಾರಿಯ ಮೇಲೆ ಕೊಡೆಯ ಕೆಳಗೆ ಬೆರಳಚ್ಚಿನವನೊಬ್ಬ ಕೂತಿರುತ್ತಾನೆ. ಜನರ ಕಷ್ಟಗಳನ್ನು ಕಚೇರಿಯ ಭಾಷೆಗೆ ತಿರುಗಿಸುವುದು ಅವನ ಕಸುಬು.

“ವಿಷಯ?”

“ಬಾಹೊ ಸೇತುವೆ ಬದಲಾಯಿಸೋದು. ಅದಕ್ಕೆ ಇಂಜಿನಿಯರು ಧರ್ಮಪಿತ ಆಗ್ಬೇಕು.”

“ಈಗಿರೋದರ ಸ್ಥಿತಿ?”

“ತುಕ್ಕು. ಅಲುಗುತ್ತೆ. ನಾಲ್ಕು ತಂತೀನೂ ಒಂದೊಂದು ಎತ್ತರಕ್ಕೆ ನಿಂತಿವೆ.”

“ಎಷ್ಟು ಹಳೇದು?”

“ಹದಿನಾಲ್ಕು ವರ್ಷ.”

“ಜನಕ್ಕೆ ತೊಂದ್ರೆ ಆಗಿದೆಯಾ?”

“ನಿನ್ನೆ ಇನ್ನೂರು ಜನರ ಮುಂದೆ ಮಾನ ಹೋಯ್ತು ಸ್ವಾಮಿ.”

ಬೆರಳಚ್ಚಿನವನು ಸ್ವಲ್ಪ ಯೋಚಿಸಿದ. “ಮಾನ ಅಂದ್ರೆ ಕಚೇರಿಗೆ ಅರ್ಥ ಆಗಲ್ಲ. ಪ್ರಾಣ ಅಂತ ಹಾಕ್ತೀನಿ, ಅರ್ಧ ತಿರುಗಿ ನೋಡ್ತಾರೆ.” ಕಟಕಟ ಹೊಡೆದು ಕಾಗದ ಎಳೆದ. “ಸದರಿ ಬಾಹೊ ಸೇತುವೆಯು ನಾಲ್ಕು ತಂತಿಗಳ ಮೇಲೆ ಶಿಥಿಲಾವಸ್ಥೆಯಲ್ಲಿ ಇದ್ದು ಇನ್ನೂರು ಜನರ ಪ್ರಾಣಕ್ಕೆ ಸಂಚಕಾರ ಒದಗಿರುತ್ತದೆ. ಸಹಿ ಹಾಕು.”

ಲಿಂಬರ್ಟ್ ಎರಡು ಸಲ ಓದಿದ. ಅವನ ಬಾಸಿನ ಬಗ್ಗೆ ಇಷ್ಟು ಘನವಾಗಿ ಈವರೆಗೆ ಯಾರೂ ಬರೆದಿರಲಿಲ್ಲ. ಸಹಿ ಹಾಕಿದ, ಕೆಳಗೆ ಒಂದು ಗೆರೆಯನ್ನೂ ಎಳೆದ. ಅಬ್ದೋನನ ಬೆಲೆಚೀಟಿಯನ್ನು ಹಿಂದೆ ಪಿನ್ನು ಚುಚ್ಚಿ ಕೊಟ್ಟ. ಗುಮಾಸ್ತೆ ಎರಡಕ್ಕೂ ಠಸ್ಸೆ ಹೊಡೆದಳು.

ಇಂಜಿನಿಯರ್ ತೆರ್ಸೆರೋಸ್ ಅರ್ಜಿಯನ್ನು ದೂರ ಹಿಡಿದು ಓದಿದ. ಚುನಾವಣೆ ಹತ್ತಿರದಲ್ಲಿತ್ತು. ಬಾಹೊದಿಂದ ಬುಟ್ಟಿ ಹೊತ್ತುಕೊಂಡು ಒಬ್ಬ ಬಂದದ್ದು ಅವನ ಅವಧಿಯಲ್ಲಿ ಇದೇ ಮೊದಲು. ಈವರೆಗೆ ಬಂದವರೆಲ್ಲ ಕಲ್ಲು ಹಿಡಿದು ಬಂದಿದ್ದರು.

“ಹೊಸದು ಗಟ್ಟಿಯಾಗಿರ್ಬೇಕು ಅಂತೀಯ.”

“ಭಾರವಾಗಿರ್ಬೇಕು ಇಂಜಿನಿಯರೇ. ಭಾರ ಇದ್ದಷ್ಟೂ ಒಳ್ಳೇದು. ಹಿತ್ತಾಳೇದು.”

“ಹಿತ್ತಾಳೆ,” ಎಂದ ಇಂಜಿನಿಯರು, ಮೆಲ್ಲಗೆ. ತನ್ನ ಹೆಸರು ಕೆತ್ತುವ ಫಲಕದ ಮಾತು ಬಂತೆಂದುಕೊಂಡ. ಬೇರೆ ಯಾವ ಮಾತೂ ಅವನ ಕಿವಿಗೆ ಅಷ್ಟು ಬೇಗ ಇಳಿಯುತ್ತಿರಲಿಲ್ಲ. “ಹೆಸರು ಎಲ್ಲಿ ಬರುತ್ತೆ?”

“ಸೇತುವೆ ಮೇಲೇ ಕೆತ್ತಿಸ್ತೀನಿ. ಬಾರಿಸಿದಾಗೆಲ್ಲ ಎಲ್ಲರ ಕಣ್ಣಿಗೆ ಬೀಳೋ ಹಾಗೆ.”

“ಬಾರಿಸಿದಾಗ?”

“ಹುಟ್ಟುಹಬ್ಬದಲ್ಲಿ, ಇಂಜಿನಿಯರೇ. ವಾದ್ಯಗೋಷ್ಠಿ.”

“ಓ, ವಾದ್ಯಾನೂ ಇಟ್ಟಿದೀರಾ,” ಎಂದು ಸಂತೋಷಪಟ್ಟು ಇಂಜಿನಿಯರು ರೊಟ್ಟಿ ಮುರಿದ. ಬಾಯಿಗಿಟ್ಟ. ಎದ್ದು ಬಂದು ಲಿಂಬರ್ಟನನ್ನು ತಬ್ಬಿದ. ರೊಟ್ಟಿಯ ಪುಡಿ ಅವನ ಭುಜದ ಮೇಲೆ ಉದುರಿತು. “ಬಾಹೊ ಜನಕ್ಕೆ ಹೇಳು. ತೆರ್ಸೆರೋಸ್ ತಿಂದ ರೊಟ್ಟಿಗೆ ಮೋಸ ಮಾಡೋನಲ್ಲ.”

ಬಾಹೊ ಜನಕ್ಕೆ ಇವನು ಹೇಳುವುದಕ್ಕೆ ಮೊದಲೇ ಗುಮಾಸ್ತೆಯ ಅಕ್ಕನ ಗಂಡ ಹೇಳಿಯಾಗಿತ್ತು. ಲಿಂಬರ್ಟ್ ತೂಗುಸೇತುವೆ ದಾಟಿ ಬರುವಷ್ಟರಲ್ಲಿ ಈಚೆ ದಡದಲ್ಲಿ ಮೂವತ್ತು ಜನ ನಿಂತಿದ್ದರು. ಎಲ್ಲರ ಮುಂದೆ ಬಡಾವಣೆ ಸಮಿತಿಯ ಅಧ್ಯಕ್ಷ ಇಲಾರಿಯೋನ್ ಸುರೀತ, ಹ್ಯಾಟು ಕೈಯಲ್ಲಿ ಹಿಡಿದು. ಹನ್ನೊಂದು ವರ್ಷದಿಂದ ಈ ಸೇತುವೆ ಬದಲಾಯಿಸಿ ಎಂದು ಅರ್ಜಿ ಬರೆದು ಬರೆದು ಅವನ ಅಕ್ಷರ ಚಂದವಾಗಿತ್ತು. ಇನ್ನೇನೂ ಆಗಿರಲಿಲ್ಲ.

“ನನ್ನ ತಲೆ ಮೇಲೆ ಕಾಲಿಟ್ಟು ಹೋಗಿದೀಯ,” ಎಂದ ಇಲಾರಿಯೋನ್. “ಹೋಗ್ಲಿ. ಹನ್ನೊಂದು ವರ್ಷ ನಾನು ಮಾಡಕ್ಕಾಗದ್ದನ್ನ ನೀನು ಒಂದು ಬುಟ್ಟಿ ರೊಟ್ಟೀಲಿ ಮಾಡಿದೀಯ. ದೋನ್ ಲಿಂಬರ್ಟ್, ಕೈ ಕೊಡಿ.”

ಲಿಂಬರ್ಟನ ಬದುಕಿನಲ್ಲಿ ಯಾರೂ ಅವನ ಹೆಸರಿನ ಮೊದಲು ‘ದೋನ್’ ಎಂಬ ಮರ್ಯಾದೆಯ ಮಾತು ಸೇರಿಸಿರಲಿಲ್ಲ. ಆದರೂ ಅವನು ನಿಜ ಹೇಳಲು ಪ್ರಯತ್ನಪಟ್ಟನೆಂಬುದು ದಾಖಲಾಗಬೇಕು.

“ತಪ್ಪು ತಿಳ್ಕೊಂಡಿದೀರ. ಅದು ಬಾಹೊ ಸೇತುವೆ.”

“ಬಾಹೊದ್ದೇ. ಮತ್ತೆ ನಾವೆಲ್ಲಿಯವರು?”

“ಅಲ್ಲ, ನನ್ನ ಬಾಹೊ. ಇದು.” ಎದೆಯ ಮುಂದೆ ಗಾಳಿಯಲ್ಲಿ ನಾಲ್ಕು ತಂತಿ ಮೀಟಿ ತೋರಿಸಿದ.

“ನೋಡಿ, ತಂತಿ ಅಲುಗೋದನ್ನ ಹೆಂಗೆ ತೋರಿಸ್ತಾರೆ,” ಎಂದಳು ಒಬ್ಬಳು. “ಅಲ್ಲೂ ಹಿಂಗೇ ಮಾಡಿ ತೋರಿಸಿರ್ಬೇಕು. ಅದಕ್ಕೇ ಇಂಜಿನಿಯರ ಮನಸು ಕರಗಿದೆ.”

ಚಪ್ಪಾಳೆ ಬಿತ್ತು. ಯಾರೋ ಸೂಪು ತಂದರು, ಸೂಪಿನಲ್ಲಿ ಇಡೀ ಮೂಳೆ ಇತ್ತು. ನಿಜಕ್ಕೂ ಮೂಳೆಗೂ ಜಗಳ ಬಿದ್ದರೆ ಯಾವುದು ಗೆಲ್ಲುತ್ತದೆಂದು ಬಡವರ ಕೇರಿಯಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ಲಿಂಬರ್ಟ್ ಕೂತು ಸೂಪು ಕುಡಿದ.

“ಅವರಿಗೆ ಹೇಳ್ದೇನೋ?” ಎಂದು ತಾಯಿ ಮನೆಯಲ್ಲಿ ಕೇಳಿದಳು.

“ಹೇಳಿದೆ.”

“ಏನಂದ್ರು?”

“ಸೂಪು ಕೊಟ್ರು.”

“ನಾಳೆ ಮತ್ತೆ ಹೇಳು. ಊಟ ಮಾಡ್ಕೊಂಡು ಹೋಗಿ ಹೇಳು, ಹಸ್ಕೊಂಡು ಹೋಗ್ಬೇಡ,” ಎಂದಳು ನಿಕೊಲಾಸಾ.

ಮರುದಿನ ಗ್ರೋವರನೇ ಮನೆಗೆ ಬಂದ. ಹೊಸಲಲ್ಲಿ ಕಾಲು ಒರೆಸಿಕೊಂಡ. ಯಾರ ಮನೆಯಲ್ಲೂ ಅವನು ಕಾಲು ಒರೆಸಿಕೊಂಡದ್ದಿಲ್ಲ. ಲಿಂಬರ್ಟ್ ಇನ್ನು ಇಂಜಿನಿಯರ ಕಂಪಾದ್ರೆ ತಾನೆ, ಧರ್ಮಸಂಬಂಧ ತಾನೆ. ಹಾಗಿದ್ದ ಮೇಲೆ ಗ್ರೋವರಿಗೂ ದೂರದಿಂದ ಏನೋ ಆಗಬೇಕು ತಾನೆ.

“ಮದುವೇಲಿ ಹೇಳಿದ್ದು ತಮಾಷೆ ಮಾರಾಯ. ನನ್ನ ತಂಗಿ ಮಗ ಎಡಗೈಲಿ ನೊಣ ಓಡಿಸ್ಲಿ. ಬಾಸ್ ಅಂದ್ರೆ ನೀನೇ. ಆದ್ರೆ ಆ ಮೀನಿನ ಡಬ್ಬಿ ಮುಚ್ಚಳ ಮಾತ್ರ ಹುಟ್ಟುಹಬ್ಬದೊಳಗೆ ಬದಲಾಗ್ಲಿ, ಹೌದಾ? ಇಂಜಿನಿಯರು ಬರ್ತಾರೆ. ಅವರ ಮುಂದೆ ಭೇದಿ ಆಗ್ಬಾರ್ದು.”

ಹೀಗೆ ಲಿಂಬರ್ಟನಿಗೆ ಸಿಗಬೇಕಾದ್ದೆಲ್ಲ ಸಿಕ್ಕಿತು, ಸೇತುವೆಯೊಂದನ್ನು ಬಿಟ್ಟು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ಮೂರು ವಾರ ದೋನ್ ಲಿಂಬರ್ಟ್ ಆಗಿ ಓಡಾಡಿದ. ಬಸ್ಸಿನಲ್ಲಿ ಜಾಗ ಬಿಟ್ಟರು. ಮಾವ ಬೇಕರಿಯಿಂದ ಕರೆದು, “ನನ್ನ ಕೇಳಿದ್ರೆ ನಾನೇ ಕೊಡಿಸ್ತಿದ್ನಲ್ಲೋ,” ಎಂದು ಮುಖ ಸಣ್ಣ ಮಾಡಿಕೊಂಡ. ಲಿಂಬರ್ಟ್ ಅವನ ಬೆನ್ನು ತಟ್ಟಿದ, ದೊಡ್ಡವರು ಸಣ್ಣವರ ಬೆನ್ನು ತಟ್ಟುವ ಹಾಗೆ.

ಜನವರಿಯ ಒಂದು ಬೆಳಿಗ್ಗೆ ಉಪಪುರಸಭೆಯ ಲಾರಿ ಬಂತು. ಕಿತ್ತಳೆ ಬಣ್ಣದ ಟೋಪಿಯ ಎಂಟು ಜನ ಇಳಿದರು. ತಂತಿ ಕತ್ತರಿಸುವ ಗರಗಸ ಇಳಿಸಿದರು. ಜನ ಅವರಿಗೆ ಜೋಳದ ಬಿಸಿ ಗಂಜಿ ಕೊಟ್ಟರು, ಹೂವಿನ ಎಸಳು ಎರಚಿದರು. ಮಧ್ಯಾಹ್ನದೊಳಗೆ ನಾಲ್ಕು ತಂತಿ ಕಡಿದು, ಹಲಗೆಗಳನ್ನು ಎಣಿಸಿ, ಎಲ್ಲ ಲಾರಿಗೆ ತುಂಬಿಕೊಂಡು ಹೋದರು. ಜಾಗದಲ್ಲಿ ಒಂದು ಬೋರ್ಡು ನೆಟ್ಟರು. ಅದರಲ್ಲಿ ಇಂಜಿನಿಯರು ನಗುತ್ತಿದ್ದ. ಕೆಳಗೆ: ‘ಬಾಹೊ ಸೇತುವೆ ಬದಲಾವಣೆ. ಕೊಟ್ಟ ಮಾತು, ಕಟ್ಟಿದ ಸೇತುವೆ.’

“ಹೊಸದು ಯಾವಾಗ ಬರುತ್ತೆ?” ಎಂದು ಇಲಾರಿಯೋನ್ ಮೇಸ್ತ್ರಿಯನ್ನು ಕೇಳಿದ.

“ನಮ್ಮದು ಕೆಡವೋ ವಿಭಾಗ ಯಜಮಾನ್ರೇ. ತರೋದು ಕೊಳ್ಳೋ ವಿಭಾಗ.”

“ಅವರನ್ನ ಕೇಳಿ ನೋಡಿ.”

“ನಾವು ಅವರ ಹತ್ರ ಮಾತಾಡೋ ಹಂಗಿಲ್ಲ.”

ಮಳೆ ಶುರುವಾಯಿತು. ಹಳ್ಳದಲ್ಲಿ ಕೆಂಪು ನೀರು ಮೊಣಕಾಲಿಗೆ ಬಂತು. ಗಂಡಸರು ಬೂಟು ಕತ್ತಿಗೆ ನೇತು ಹಾಕಿಕೊಂಡು ಕೆಲಸಕ್ಕೆ ಹೋದರು. ನಿಕೊಲಾಸಾ ಜೋಳದ ಪಾತ್ರೆಯನ್ನು ಬಣ್ಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿದಳು. ಎರಡನೆಯ ವಾರ ಜಾರಿದಳು. ಜೋಳ ನೀರು ಪಾಲಾಯಿತು, ಮೊಣಗಂಟು ಊದಿಕೊಂಡಿತು. ಆದರೂ ಜನ ಗೊಣಗಲಿಲ್ಲ. “ದೋನ್ ಲಿಂಬರ್ಟ್ ಇದಾರಲ್ಲ, ಹುಟ್ಟುಹಬ್ಬಕ್ಕೆ ಬರುತ್ತೆ,” ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಲಿಂಬರ್ಟ್ ಉಪಪುರಸಭೆಗೆ ನಾಲ್ಕು ಸಲ ಹೋದ. ಕಿಟಕಿಗೆ ಬಾಯಿ ಹಚ್ಚಿ ನಿಜವನ್ನೂ ಹೇಳಿದ: ತಾನು ಕೇಳಿದ್ದು ಗಿಟಾರಿನ ಸೇತುವೆ, ನೀವು ಕಿತ್ತದ್ದು ಹಳ್ಳದ್ದು, ಹಳ್ಳದ್ದನ್ನು ವಾಪಸು ಹಾಕಿ.

ಗುಮಾಸ್ತೆ ಕಡತ ತೆಗೆದು ನೋಡಿದಳು. “ಬದಲಾವಣೆ ಅಂತಿದೆ. ಹಳೇದು ತೆಗೆದಾಗಿದೆ. ಹೊಸದು ಖರೀದಿ ಆಗಿದೆ, ದಾಸ್ತಾನಿಗೆ ಬಂದಿದೆ. ಇನ್ನೇನು ನಿಂದು?”

“ಬಂದಿದೆಯಾ? ಸೇತುವೆ? ಎಲ್ಲಿ?”

“ಕಪಾಟಲ್ಲಿ,” ಎಂದು ಗುಮಾಸ್ತೆ ಕಿಟಕಿ ಮುಚ್ಚಿದಳು.

ಲಿಂಬರ್ಟ್ ಆ ಮಾತನ್ನು ಬಾಹೊದಲ್ಲಿ ಯಾರಿಗೂ ಹೇಳಲಿಲ್ಲ.

ಹುಟ್ಟುಹಬ್ಬದ ದಿನ ಮೇಲಿನ ದಂಡೆಯಲ್ಲಿ, ಬೋರ್ಡಿನ ಪಕ್ಕ, ವೇದಿಕೆ ಕಟ್ಟಿದರು. ಬಾಹೊದ ಜನ ಹೊಸ ಬಟ್ಟೆ ಎತ್ತಿ ಹಿಡಿದು ನೀರು ದಾಟಿ ಬಂದರು, ಆಚೆ ದಡದಲ್ಲಿ ಕೂತು ಕಾಲು ಒರೆಸಿ ಬೂಟು ಹಾಕಿಕೊಂಡರು. ವಾದ್ಯಗೋಷ್ಠಿ ನೀಲಿ ಕೋಟಿನಲ್ಲಿ ಸಾಲಾಗಿ ನಿಂತಿತು. ಇಂಜಿನಿಯರು ಹೆದ್ದಾರಿಯ ಕಡೆಯಿಂದ ಜೀಪಿನಲ್ಲಿ ಬಂದ. ಅವನ ಹಿಂದೆ ಗುಮಾಸ್ತೆ, ಅವಳ ಕೈಯಲ್ಲಿ ಕೆಂಪು ಹಳದಿ ಹಸಿರು ಪಟ್ಟಿ ಕಟ್ಟಿದ ಒಂದು ಪೆಟ್ಟಿಗೆ, ಒಂದು ಚಪ್ಪಲಿ ಜೋಡಿ ಹಿಡಿಸುವಷ್ಟು.

“ಸೇತುವೆ ಎಲ್ಲಿ?” ಎಂದು ಜನರಲ್ಲಿ ಒಬ್ಬ ಕೇಳಿದ.

“ಹಿಂದೆ ಲಾರೀಲಿ ಬರ್ತಿರ್ಬೇಕು,” ಎಂದ ಇಲಾರಿಯೋನ್. ಎಂದವನು ಹೆದ್ದಾರಿಯ ಕಡೆ ನೋಡುತ್ತಲೇ ನಿಂತ.

ಇಂಜಿನಿಯರು ಮುಕ್ಕಾಲು ಗಂಟೆ ಮಾತಾಡಿದ. ಕೊನೆಗೆ ಪಟ್ಟಿ ಕತ್ತರಿಸಿ ಪೆಟ್ಟಿಗೆ ತೆರೆದ, ಒಳಗೆ ತನ್ನ ಹೆಸರಿನ ಫಲಕ ಇದೆಯೆಂದು ನಂಬಿ. ಒಳಗೆ ಅಂಗೈ ಅಗಲದ ಹಿತ್ತಾಳೆಯ ತಟ್ಟೆಯಿತ್ತು, ನಾಲ್ಕು ಸಣ್ಣ ಉರುಳೆ, ಐದು ತಿರುಪು. ಇಂಜಿನಿಯರು ಅದನ್ನು ತಿರುಗಿಸಿ ನೋಡಿದ. ಗುಮಾಸ್ತೆ ಅವನ ಕಿವಿಯಲ್ಲಿ ಏನೋ ಹೇಳಿ ಬೆಲೆಚೀಟಿ ತೋರಿಸಿದಳು. ಅವನು ಚೀಟಿ ನೋಡಿದ, ವಾದ್ಯದವರನ್ನು ನೋಡಿದ, ಲಿಂಬರ್ಟನ ಹೊಟ್ಟೆಯ ಮೇಲಿದ್ದ ಬಾಸನ್ನು ನೋಡಿದ. ನಾವಾದರೆ ಭೂಮಿ ಬಾಯಿಬಿಡಲಿ ಎಂದುಕೊಳ್ಳುತ್ತಿದ್ದೆವು. ಇಂಜಿನಿಯರಿಗೆ ಬೇಕಾದದ್ದು ಅರ್ಧ ನಿಮಿಷ.

“ಕೊಟ್ಟ ಮಾತಿನಂತೆ,” ಎಂದ ಮೈಕಿನಲ್ಲಿ, ತಟ್ಟೆಯನ್ನು ತಲೆಯ ಮೇಲೆ ಎತ್ತಿ, “ಬಾಹೊ ಸೇತುವೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮಾಷೆಯಿರಬೇಕೆಂದು ಇಬ್ಬರು ಮುದುಕರು ನಗುವುದಕ್ಕೆ ಹೋಗಿ, ಪಕ್ಕದವರ ಮುಖ ನೋಡಿ ಸುಮ್ಮನಾದರು.

“ಬಾ ಕಂಪಾದ್ರೆ,” ಎಂದು ಇಂಜಿನಿಯರು ಲಿಂಬರ್ಟನನ್ನು ಕರೆದ. “ನೀನು ಕೇಳಿದ್ದು ಇದೇ ತಾನೆ?”

ಕೇಳಿದ್ದು ಇದೇ. ಅಲ್ಲ ಎನ್ನುವಂತಿರಲಿಲ್ಲ. ಗುಮಾಸ್ತೆ ಕಾಗದ ಚಾಚಿದಳು: ‘ಬಾಹೊ ಸೇತುವೆ, ಒಂದು, ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ. ಕಾಮಗಾರಿ ಮುಕ್ತಾಯ.’ ವೇದಿಕೆಯ ಒಂದು ಕಡೆ ಇಲಾರಿಯೋನ್ ಬಾಯಿ ತೆರೆದು ನಿಂತಿದ್ದ. ಇನ್ನೊಂದು ಕಡೆ ಗ್ರೋವರ್ ಹುಬ್ಬಿನಲ್ಲೇ, ಹಾಕೋ ಮಾರಾಯ, ಎನ್ನುತ್ತಿದ್ದ. ಅವನ ಹಿಂದೆ ತಂಗಿಯ ಮಗ ಕೀಬೋರ್ಡಿನ ಮುಸುಕು ತೆಗೆದು ಮಡಚುತ್ತಿದ್ದ. ಲಿಂಬರ್ಟ್ ಸಹಿ ಹಾಕಿದ. ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ.

“ಇಲ್ಲೇ ಕೂರಿಸು, ಎಲ್ಲರೂ ನೋಡ್ಲಿ,” ಎಂದ ಇಂಜಿನಿಯರು. ಫೋಟೋದವನು ಮುಂದೆ ಬಂದ.

ಲಿಂಬರ್ಟ್ ವೇದಿಕೆಯ ಅಂಚಿನಲ್ಲಿ ಕೂತು ಬಾಸನ್ನು ತೊಡೆಯ ಮೇಲೆ ಮಲಗಿಸಿಕೊಂಡ. ತಂತಿಗಳನ್ನು ಸಡಿಲಿಸಿ ಕಳಚಿದ. ಐದು ತಿರುಪು ಬಿಚ್ಚಿ ಹಳೆಯ ತಗಡನ್ನು ಎಬ್ಬಿಸಿದ. ಅದರ ಅಡಿಯಲ್ಲಿ ಮರದೊಳಗಿಂದ ಕೂದಲಿನಷ್ಟು ತೆಳ್ಳನೆಯ ಒಂದು ತಂತಿ ಇಣುಕುತ್ತಿತ್ತು. ಅದು ಲೋಹಕ್ಕೆ ತಾಗದಿದ್ದರೆ ಬಾಸು ಗುಂಯ್‌ಗುಡುತ್ತದೆ. ಅದನ್ನು ಬೆರಳಿನಿಂದ ನೀವಿ, ಮೇಲೆ ಹಿತ್ತಾಳೆಯಿಟ್ಟು, ತಿರುಪು ಬಿಗಿದ. ಒಂದೊಂದೇ ತಂತಿ ಪೋಣಿಸಿ ಶ್ರುತಿ ಮಾಡಿದ. ಹನ್ನೊಂದು ವರ್ಷದಲ್ಲಿ ಆಗದಿದ್ದ ಬಾಹೊ ಸೇತುವೆಯ ಬದಲಾವಣೆ, ಇನ್ನೂರು ಜನರ ಕಣ್ಣೆದುರು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

“ಹಳೇದು ಇಲ್ಲಿ ಕೊಡು, ಕಚೇರಿ ಸ್ವತ್ತು,” ಎಂದು ಗುಮಾಸ್ತೆ ಮೀನಿನ ಡಬ್ಬಿಯ ಮುಚ್ಚಳವನ್ನು ಕಸಿದುಕೊಂಡು ಲಕೋಟೆಗೆ ಹಾಕಿದಳು. ಇಂಜಿನಿಯರು ಶಾಸ್ತ್ರಕ್ಕೆ ಬಿಯರಿನ ಬಾಟಲಿ ತೆರೆದು ಹೊಸ ಸೇತುವೆಯ ಮೇಲೆ ನಾಲ್ಕು ತೊಟ್ಟು ಚೆಲ್ಲಿದ, ಬಣ್ಣದ ಕಾಗದದ ಚೂರು ಎರಚಿದ, ಫೋಟೋಗೆ ನಿಂತ.

“ಹೂಂ, ಬಾರಿಸು.”

ಲಿಂಬರ್ಟ್ ನಾಲ್ಕನೆಯ ತಂತಿಯನ್ನು ಮೀಟಿದ. ಹದಿನಾಲ್ಕು ವರ್ಷದಲ್ಲಿ ಆ ಬಾಸಿನಿಂದ ಅಂಥ ನಾದ ಹೊರಟಿರಲಿಲ್ಲ. ದುಂಡಗೆ, ಗಟ್ಟಿಯಾಗಿ, ಒಂದಿಷ್ಟೂ ನಡುಗದೆ ಹೋಗಿ ಬಾಹೊದ ಮಣ್ಣುಗೋಡೆಗಳಿಗೆ ತಾಗಿ ತಿರುಗಿ ಬಂತು. ಅವತ್ತು ಕಾಲು ಒದ್ದೆ ಮಾಡಿಕೊಳ್ಳದೆ ಹಳ್ಳ ದಾಟಿದ್ದು ಅದೊಂದೇ.

ಯಾರೂ ಕುಣಿಯಲಿಲ್ಲ.

“ಹನ್ನೊಂದು ವರ್ಷ ಅರ್ಜಿ ಬರೆದೋನು ನಾನು,” ಎಂದ ಇಲಾರಿಯೋನ್, ಮೈಕಿಲ್ಲದೆ, ಎಲ್ಲರಿಗೂ ಕೇಳಿಸಿತು. “ಸೇತುವೆ ಬಂದದ್ದು ಇವನ ಹೊಟ್ಟೆ ಮೇಲೆ. ಇದನ್ನ ಹಿಡ್ಕೊಂಡು ದಾಟೋದು ಹೆಂಗೆ, ಅದನ್ನೂ ಹೇಳ್ಕೊಡು ಲಿಂಬರ್ಟ್.”

‘ದೋನ್’ ಹೋಗಿತ್ತು. ಜನ ಒಬ್ಬೊಬ್ಬರಾಗಿ ಕೂತು ಬೂಟು ಬಿಚ್ಚತೊಡಗಿದರು. ನಿಕೊಲಾಸಾ ಊದಿದ ಮೊಣಗಂಟಿನ ಕಾಲನ್ನು ಚಾಚಿಕೊಂಡು ಪಾತ್ರೆಗೆ ಬಟ್ಟೆ ಸುತ್ತುತ್ತಿದ್ದಳು. ಮಗನ ಕಡೆ ತಲೆಯೆತ್ತಿ ನೋಡಿ ಹೇಳಿದಳು:

“ಸದ್ದು ಚೆನ್ನಾಗಿ ಬರ್ತಿದೆ ಕಣೋ.”

ಅಣಕಿಸಿದಳೋ, ಸಂತೋಷಪಟ್ಟಳೋ. ಅವಳು ಆಗಲೇ ಗಂಟು ಬಿಗಿಯಲು ತಲೆ ಬಗ್ಗಿಸಿದ್ದಳು.

ಗ್ರೋವರ್ ಮೈಕಿಗೆ ಹಾರಿದ. “ಕೇಳಿದ್ರಾ? ಇದು ಗಂಡು ಬಾಸ್ ಅಂದ್ರೆ. ಇನ್ಮೇಲೆ ಲಿಂಬರ್ಟ್ ನಿಲ್ಲೋದು ನಟ್ಟನಡುವೆ, ನನ್ನ ಪಕ್ಕ. ಇಂಜಿನಿಯರು ಇನ್ನೂ ಒಂಬತ್ತು ಉದ್ಘಾಟನೆಗೆ ನಮ್ಮನ್ನೇ ಗೊತ್ತು ಮಾಡಿದಾರೆ. ಲಿಂಬರ್ಟ್ ಬೇಕೇ ಬೇಕು ಅಂತ ಹೆಸರು ಹೇಳಿ ಕೇಳಿದಾರೆ. ಏನಯ್ಯ ಲಿಂಬರ್ಟ್, ಖುಷೀನಾ?”

ಲಿಂಬರ್ಟ್ ಬಾಸಿನ ವೈರು ಎಳೆದ. ಧ್ವನಿಪೆಟ್ಟಿಗೆ ಟಪ್ಪೆಂದಿತು. ಅವನು ಬಾಸನ್ನು ಬೆನ್ನಿಗೆ ಹಾಕಿಕೊಂಡು, ವೇದಿಕೆಯಿಂದಿಳಿದು, ಬೂಟು ಬಿಚ್ಚುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಹೋಗಿ ತಾಯಿ ಬೆನ್ನಿಗೇರಿಸುತ್ತಿದ್ದ ಪಾತ್ರೆಯ ಗಂಟನ್ನು ಇಳಿಸಿಕೊಂಡು ಕೈಯಲ್ಲಿ ಹಿಡಿದ.

“ಏನಯ್ಯ, ಕೇಳ್ತಾ ಇದೀನಿ, ಖುಷೀನಾ?” ಎಂದಿತು ಮೈಕು.

ಲಿಂಬರ್ಟ್ ಬೂಟುಗಾಲಲ್ಲೇ ನೀರಿಗಿಳಿದು ನಡೆದ.